ಅಲಸಂದೆ ಕೆಂಪು, ಎಳ್ಳುಕಾಳಿನ ಗುರುತು

ಗಂಧ ತೇಯ್ದು ಅಭ್ಯಾಸವಿದ್ದವರಿಗೆ ಗೊತ್ತು, ನೀರು ಹೆಚ್ಚಾದರೆ ಕೆಲಸ ಕೆಟ್ಟಿತು. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ಬಿದ್ದರೆ ಕೊರಡು ಕಲ್ಲನ್ನು ಕಚ್ಚುತ್ತದೆ, ಗಂಧ ಏಳುತ್ತದೆ. ಒಂದು ಸೌಟು ಸುರಿದರೆ ಕೊರಡು ಜಾರುತ್ತದೆ, ಸಿಗುವುದು ಬರೀ ಬಣ್ಣದ ನೀರು. ಚೀನಾದ ಓದುಬರಹದ ಮಂದಿ ಶತಮಾನಗಟ್ಟಲೆ ಮಸಿ ತೇಯ್ದದ್ದೂ ಹೀಗೆಯೇ. ಪೈನ್ ಮರದ ಅಥವಾ ಎಣ್ಣೆ ದೀಪದ ಕಾಡಿಗೆಗೆ ಪ್ರಾಣಿಜನ್ಯ ಅಂಟು ಬೆರೆಸಿ, ಅಚ್ಚಿಗೆ ಒತ್ತಿ, ಒಣಗಿಸಿದ ಮಸಿಕಡ್ಡಿ ಒಂದು ಕೈಯಲ್ಲಿ. ಅದನ್ನು ತೇಯಲು ನುಣ್ಣನೆಯ ಕಲ್ಲು ಎದುರಿಗೆ. ಬರೆಯುವಷ್ಟು ಮಸಿಯನ್ನು ಆಗಿಂದಾಗ್ಗೆ ತೇಯಬೇಕು, ಹಾಗಾಗಿ ನೀರೂ ಹನಿಹನಿಯಾಗಿ ಕೈಗೆಟಕುವಂತಿರಬೇಕು.

ವಿದ್ವಾಂಸರ ಮೇಜಿನ ಪಿಂಗಾಣಿಯೆಂದು ಇವತ್ತು ಮ್ಯೂಸಿಯಂಗಳಲ್ಲಿ ಗಾಜಿನ ಹಿಂದೆ ಕೂತಿರುವ ಪುಟ್ಟ ಸಾಮಾನುಗಳೆಲ್ಲ ಅಲಂಕಾರಕ್ಕೆಂದೇ ಹುಟ್ಟಿದವು ಅನಿಸುತ್ತದೆ. ಕಪ್ಪೆ, ಬಾತುಕೋಳಿ, ಐದು ಶಿಖರದ ಬೆಟ್ಟ, ಅಂಗೈಯಲ್ಲಿ ಮುಚ್ಚಿಹೋಗುವ ಕೆಂಪು ಡಬ್ಬಿ. ಅವು ಯಾಕೆ ಆ ಆಕಾರದಲ್ಲಿವೆ ಎಂದು ತಿಳಿಯಬೇಕಾದರೆ ನೀರಿನ ಬೆನ್ನುಹತ್ತಿ ಹೋಗುವುದು ಸುಲಭದ ದಾರಿ. ಎಲ್ಲಿ ನೀರು ನಿಲ್ಲಬೇಕೋ, ತೊಟ್ಟಿಕ್ಕಬೇಕೋ, ಕೊಳಕಾಗಿ ಚೆಲ್ಲಬೇಕೋ ಅಲ್ಲೆಲ್ಲ ಪಿಂಗಾಣಿ ಗೆದ್ದಿದೆ. ಅದು ನೀರು ಹೀರುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಮಸಿಯ ಕಲೆ ಉಳಿಸಿಕೊಳ್ಳುವುದಿಲ್ಲ.

ನೀರು ಹನಿಸುವ ಪಾತ್ರೆಯಿಂದಲೇ ಶುರು ಮಾಡೋಣ. ಚೀನೀಯರು ಇದನ್ನು ಶುಯ್‌ದಿ ಎನ್ನುತ್ತಾರೆ, ನೀರಹನಿ ಎಂದೇ ಅರ್ಥ. ಒಳಗೆ ಟೊಳ್ಳು, ಮೇಲೊಂದು ಸಣ್ಣ ತೂತು, ಮೂತಿಯಲ್ಲಿ ಇನ್ನೊಂದು. ನೀರಿನಲ್ಲಿ ಮುಳುಗಿಸಿದರೆ ಒಂದು ತೂತಿನಿಂದ ಗುಳ್ಳೆ ಏಳುತ್ತ ಇನ್ನೊಂದರಿಂದ ನೀರು ತುಂಬಿಕೊಳ್ಳುತ್ತದೆ. ಮೇಲಿನ ತೂತನ್ನು ತೋರುಬೆರಳಿನಿಂದ ಮುಚ್ಚಿ ಬಾಗಿಸಿದರೆ ಒಂದು ತೊಟ್ಟೂ ಬೀಳುವುದಿಲ್ಲ, ಏಕೆಂದರೆ ಒಳಗೆ ಗಾಳಿ ಹೋಗಲು ದಾರಿಯಿಲ್ಲ. ಬೆರಳು ಸಡಿಲಿಸಿದರೆ ಹನಿ, ಒತ್ತಿದರೆ ಬಂದ್. ಎಳನೀರಿನ ಸ್ಟ್ರಾ ತುದಿಗೆ ಬೆರಳಿಟ್ಟು ಮಕ್ಕಳು ಆಡುವ ಆಟವೇ ಇದು. ಮೂತಿಯ ತೂತು ತುಸು ದೊಡ್ಡದಾದರೆ ಆಟ ಕೆಟ್ಟಿತು. ನೀರು ಹೊರಬರುವ ದಾರಿಯಲ್ಲೇ ಗಾಳಿಯೂ ಒಳನುಗ್ಗಿ, ಬೆರಳಿನ ಮಾತು ಕೇಳದೆ ಗಳಗಳ ಸುರಿಯುತ್ತದೆ. ತೀರಾ ಸಣ್ಣದಾದರೆ ಬೇರೆ ತೊಂದರೆ: ಪಾತ್ರೆಯ ಮೈಗೆ ಹಚ್ಚಿದ ಗಾಜಿನಂಥ ಲೇಪ, ಅಂದರೆ ಗ್ಲೇಜ್, ಬೆಂಕಿಯಲ್ಲಿ ಕರಗಿ ಹರಿದು ತೂತನ್ನೇ ಮುಚ್ಚಿಬಿಡುತ್ತದೆ. ಒಳಗನ್ನು ಉಜ್ಜಲು ಬರುವುದಿಲ್ಲವಾದ್ದರಿಂದ ಇಂಥ ಪಾತ್ರೆಗೆ ಶುದ್ಧ ನೀರನ್ನಷ್ಟೇ ತುಂಬಬೇಕು, ಕೆಲಸ ಮುಗಿದ ಮೇಲೆ ಬೋರಲು ಹಾಕಿ ಒಣಗಿಸಬೇಕು.

ಇದರ ಸರಳ ಸೋದರ ನೀರಿನ ಕುಡಿಕೆ. ಅಗಲ ಹೊಟ್ಟೆ, ಕಿರಿದಾದ ಬಾಯಿ, ಜತೆಗೆ ಕಡಲೆಬೇಳೆಯಷ್ಟು ಅಗಲದ ತಲೆಯುಳ್ಳ ಪುಟ್ಟ ಚಮಚ. ಬಾಯಿ ಕಿರಿದಾಗಿರುವುದಕ್ಕೂ ಕಾರಣವಿದೆ: ಧೂಳು ಬೀಳಬಾರದು, ಅವಸರದಲ್ಲಿ ಯಾರೂ ಮಸಿಯಾದ ಕುಂಚವನ್ನು ಅದರೊಳಗೆ ಅದ್ದಬಾರದು.

ಒಂದು ಕೆಲಸಕ್ಕೆ ಮಾತ್ರ ಪಿಂಗಾಣಿ ಒಗ್ಗಲಿಲ್ಲ, ಅದು ಮಸಿ ತೇಯುವ ಕೆಲಸ. ಗ್ಲೇಜ್ ಹಚ್ಚಿದ ಮೈಮೇಲೆ ಮಸಿಕಡ್ಡಿ ಜಾರುತ್ತದೆ. ಹಾಗಾಗಿ ಸುಯಿ ಮತ್ತು ತಾಂಗ್ ರಾಜವಂಶಗಳ ಕಾಲದ (6ರಿಂದ 10ನೆಯ ಶತಮಾನ) ಮಣ್ಣಿನ ಮಸಿಫಲಕಗಳಲ್ಲಿ ನಡುಭಾಗವನ್ನು ಗ್ಲೇಜ್ ಇಲ್ಲದೆ ಬಿಟ್ಟಿರುತ್ತಾರೆ. ಸುತ್ತ ಮಸಿ ನಿಲ್ಲಲು ಕಂದಕ, ಕೆಳಗೆ ಸಾಲುಗಟ್ಟಿದ ಪುಟ್ಟ ಕಾಲುಗಳು. ನೋಡಲು ಸೊಗಸು. ಆದರೆ ಗ್ವಾಂಗ್‌ಡಾಂಗ್‌ನ ದುವಾನ್ ಕಲ್ಲು, ಆನ್‌ಹುಯಿ ಕಡೆಯ ‘ಷ’ ಎಂಬ ಕಲ್ಲು ಹೆಸರು ಮಾಡಿದ ಮೇಲೆ ಮಣ್ಣು ಆ ಜಾಗ ಬಿಟ್ಟುಕೊಟ್ಟಿತು.

ಕುಂಚ ತೊಳೆಯುವ ಬಟ್ಟಲಿನ ಕಥೆ ಬೇರೆ. ಮಸಿಯಲ್ಲಿ ಅಂಟಿರುವುದರಿಂದ ಬರೆದಾದ ಕೂಡಲೇ ಕುಂಚವನ್ನು ತೊಳೆಯಲೇಬೇಕು. ತುದಿ ಬೆಳ್ಳಗಾದರೆ ಸಾಲದು; ಕೂದಲು ಹಿಡಿಕೆಗೆ ಸೇರುವ ಬುಡದಲ್ಲಿ ಉಳಿದ ಮಸಿ ಒಣಗಿ ಕಲ್ಲಾಗುತ್ತದೆ, ಕೂದಲು ಕವಲೊಡೆಯುತ್ತದೆ, ಮತ್ತೆ ಆ ಕುಂಚಕ್ಕೆ ಮೊನೆ ಬರುವುದಿಲ್ಲ. ಬಟ್ಟಲು ಅಗಲವಾಗಿ, ಆಳ ಕಡಿಮೆಯಾಗಿ ಇದ್ದರೆ ಕುಂಚವನ್ನು ಮಲಗಿಸಿ ಬುಡದವರೆಗೆ ಅಲುಗಿಸಬಹುದು. ಅಂಚು ಒಳಕ್ಕೆ ಬಾಗಿದ್ದರೆ ನೀರು ಕಾಗದದ ಮೇಲೆ ಸಿಡಿಯುವುದಿಲ್ಲ, ಹೆಚ್ಚಿನ ನೀರನ್ನು ಅಂಚಿಗೆ ಒರೆಸಿ ಇಳಿಸಲೂ ಬರುತ್ತದೆ. ಒಳಗೆ ತಿಳಿಬಣ್ಣವಿದ್ದರೆ ನೀರು ಎಷ್ಟು ಕಪ್ಪಾಯಿತು, ಯಾವಾಗ ಚೆಲ್ಲಬೇಕು ಎಂದು ಕಣ್ಣೇ ಹೇಳುತ್ತದೆ.

ಇಷ್ಟು ಸಾಧಾರಣ ಕೆಲಸದ ಬಟ್ಟಲೊಂದು 2017ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್‌ನ ಸದಬೀಸ್ ಹರಾಜಿನಲ್ಲಿ 29 ಕೋಟಿ 43 ಲಕ್ಷ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಅಡ್ಡಳತೆ 13 ಸೆಂಟಿಮೀಟರ್. ನಮ್ಮ ಮನೆಗಳ ಪಾಯಸದ ಬಟ್ಟಲಿಗಿಂತ ಹೆಚ್ಚೇನೂ ದೊಡ್ಡದಲ್ಲ. ಅದು ರೂ ಎಂಬ ಹೆಸರಿನ ಗೂಡಿನದು (ಗೂಡೆಂದರೆ ಪಾತ್ರೆ ಸುಡುವ ಭಟ್ಟಿ), ಉತ್ತರ ಸಾಂಗ್ ರಾಜವಂಶದ ಅರಮನೆಗಾಗಿ ಸುಮಾರು 900 ವರ್ಷಗಳ ಹಿಂದೆ ಸ್ವಲ್ಪ ಕಾಲ ಮಾತ್ರ ತಯಾರಾದ ಸಾಮಾನು. ಗೂಡುಗಳು ಸಿಕ್ಕಿದ್ದು ಹೆನಾನ್ ಪ್ರಾಂತ್ಯದ ಬಾವ್‌ಫೆಂಗ್ ತಾಲೂಕಿನ ಚಿಂಗ್‌ಲಿಯಾಂಗ್‌ಸಿ ಎಂಬ ಹಳ್ಳಿಯಲ್ಲಿ. ಇಡೀ ಜಗತ್ತಿನಲ್ಲಿ ಉಳಿದಿರುವ ರೂ ಸಾಮಾನು ನೂರರೊಳಗೆ.

ಈ ಬಟ್ಟಲನ್ನು ಮಗುಚಿ ನೋಡಿದರೆ ತಳದಲ್ಲಿ ಎಳ್ಳುಕಾಳಿನಂಥ ಬಿಳಿ ಚುಕ್ಕೆಗಳಿರುತ್ತವೆ. ಚೀನೀಯರು ಕರೆಯುವುದೂ ಎಳ್ಳಿನ ಗುರುತು ಎಂದೇ. ರೂ ಕುಂಬಾರರು ಪಾದವನ್ನೂ ಸೇರಿಸಿ ಪಾತ್ರೆಯ ಇಡೀ ಮೈಗೆ ಗ್ಲೇಜ್ ಹಚ್ಚುತ್ತಿದ್ದರು. ಗ್ಲೇಜ್ ಎಂದರೆ ಬೆಂಕಿಯಲ್ಲಿ ಕರಗುವ ಗಾಜು. ಅದು ಎಲ್ಲಿ ತಾಗಿದರೆ ಅಲ್ಲಿ ಅಂಟಿಕೊಳ್ಳುತ್ತದೆ. ಅದಕ್ಕೇ ಪಾತ್ರೆಯನ್ನು ಚೂಪಾದ ಮಣ್ಣಿನ ಮುಳ್ಳುಗಳ ಮೇಲೆ ನಿಲ್ಲಿಸಿ ಸುಡುವ ಉಪಾಯ. ಸುಟ್ಟ ಮೇಲೆ ಮುಳ್ಳು ಮುರಿದು ತೆಗೆದರೆ ಉಳಿಯುವುದು ಎಳ್ಳಿನಷ್ಟೇ ಗಾಯ. ಮುಳ್ಳು ದಪ್ಪವಾದರೆ ಗುರುತು ಅಸಹ್ಯ, ತೆಳ್ಳಗಾದರೆ ಭಾರಕ್ಕೆ ಬಾಗಿ ಪಾತ್ರೆಯೇ ವಾಲುತ್ತದೆ. ನಕಲು ಮಾಡುವವರು ಬಣ್ಣವನ್ನು ಹತ್ತಿರ ಹತ್ತಿರ ತರುತ್ತಾರೆ, ಎಳ್ಳಿನಲ್ಲಿ ಎಡವುತ್ತಾರೆ: ಗುರುತುಗಳು ದೊಡ್ಡದಾಗಿ ದುಂಡಗೆ ಬಂದುಬಿಡುತ್ತವೆ.

ಮೈತುಂಬ ಕಾಣುವ ಬಿರುಕಿನ ಜಾಲ ಮೂಲತಃ ಒಂದು ದೋಷ. ತಣ್ಣಗಾಗುವಾಗ ಗ್ಲೇಜ್ ಒಳಗಿನ ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ, ಬಿಗಿತ ತಾಳದೆ ಸೀಳುತ್ತದೆ. ಸಾಂಗ್ ರಸಿಕರು ಅದನ್ನೇ ಮೆಚ್ಚಿಕೊಂಡರು. ಆದರೆ ಕೆಲಸದ ದೃಷ್ಟಿಯಿಂದ ಬಿರುಕುಬಿಟ್ಟ ಬಟ್ಟಲು ಅಪಾಯಕಾರಿ, ಮಸಿನೀರನ್ನು ರಾತ್ರಿಯಿಡೀ ಬಿಟ್ಟರೆ ಬಿರುಕಿನೊಳಗೆ ಕಪ್ಪು ಇಳಿಯುತ್ತದೆ, ಮತ್ತೆ ಬಿಡುವುದಿಲ್ಲ. ಇದೇ ಕಾರಣಕ್ಕೆ ಹಳೆಯದಂತೆ ಕಾಣಿಸಲು ಬಿರುಕಿಗೆ ಬೇಕೆಂದೇ ಮಸಿ ಅಥವಾ ಚಹಾ ಕುಡಿಸುವ ಚಾಳಿಯೂ ಇದೆ.

ಕುಂಚ ನಿಲ್ಲಿಸುವ ಡಬ್ಬಕ್ಕೆ ಬಿತೊಂಗ್ ಎಂದು ಹೆಸರು. ಇದಕ್ಕೆ ನೀರಿನ ಸಂಬಂಧ ಕಡಿಮೆ, ಆದ್ದರಿಂದ ಇಲ್ಲಿ ಪಿಂಗಾಣಿ ಅನಿವಾರ್ಯವಲ್ಲ. 17ನೆಯ ಶತಮಾನದ ಮೊದಲ ಭಾಗದಲ್ಲಿ ಸುಝೋ ನಗರದ ರಸಿಕ ವೆನ್ ಝೆನ್‌ಹೆಂಗ್ ಮನೆಯ ಸಾಮಾನುಗಳ ಬಗ್ಗೆ ಬರೆದ ಕೈಪಿಡಿಯಲ್ಲಿ ಚುಕ್ಕೆಬಿದಿರು ಮತ್ತು ತಾಳೆಜಾತಿಯ ಮರದ ಡಬ್ಬಗಳಿಗೆ ಮೊದಲ ಮಣೆ. ಎಂಟು ಮೂಲೆಯ, ಹೂವಿನಾಕಾರದ ಡಬ್ಬಗಳ ತಂಟೆಗೆ ಹೋಗಬೇಡಿ ಎನ್ನುತ್ತಾನೆ. ಪಿಂಗಾಣಿಯಲ್ಲಿ ಹಳೆಯ ಬಿಳಿ ದಿಂಗ್ ಗೂಡಿನ, ಬಿದಿರಗಣ್ಣಿನ ಆಕಾರದ್ದು ಎಲ್ಲಕ್ಕಿಂತ ಬೆಲೆಯುಳ್ಳದ್ದು, ಆದರೆ ದೊಡ್ಡದು ಸಿಗುವುದು ಕಷ್ಟ ಎಂಬುದು ಅವನ ದೂರು. ಅಷ್ಟು ಕಟ್ಟುನಿಟ್ಟಿನ ಮನುಷ್ಯ ಮುಂದಿನ ಶತಮಾನದ ಅರಮನೆಯ ಮೇಜನ್ನು ನೋಡಿದ್ದರೆ ಮುಖ ತಿರುಗಿಸುತ್ತಿದ್ದನೇನೋ.

ವೆನ್ ತೀರಿಕೊಂಡದ್ದು 1645ರಲ್ಲಿ, ಮಿಂಗ್ ಆಳ್ವಿಕೆ ಕುಸಿದ ಮರುವರ್ಷ. ಆ ಗಲಾಟೆಯ ಹಿಂದೆಮುಂದಿನ ದಶಕಗಳಲ್ಲೇ ಪಿಂಗಾಣಿಯ ಕುಂಚಡಬ್ಬ ದೊಡ್ಡ ಮಟ್ಟಕ್ಕೆ ಬೆಳೆಯಿತು. ಅರಮನೆಯ ಬೇಡಿಕೆ ಕುಗ್ಗಿದಾಗ ಜಿಂಗ್‌ದೆಝೆನ್ ಕುಂಬಾರರು ಓದಿದ ಗಿರಾಕಿಗಳನ್ನು ಹುಡುಕಿಕೊಂಡರು. ಜಿಯಾಂಗ್‌ಷಿ ಪ್ರಾಂತ್ಯದ ಈ ಊರಿಗೆ 1004ರಲ್ಲಿ ಸಾಂಗ್ ಚಕ್ರವರ್ತಿ ತನ್ನ ಜಿಂಗ್‌ದೆ ಶಕೆಯ ಹೆಸರನ್ನೇ ಕೊಟ್ಟಿದ್ದ. ಹತ್ತಿರದ ಗಾವೊಲಿಂಗ್ ಬೆಟ್ಟದ ಬಿಳಿಮಣ್ಣೇ ಕೇವೊಲಿನ್ ಎಂಬ ಹೆಸರಿನ ಮೂಲ. ಆ ಮಣ್ಣಿಗೆ ಪುಡಿ ಮಾಡಿದ ಪಿಂಗಾಣಿ ಕಲ್ಲು ಬೆರೆಸುತ್ತಾರೆ; ಮಣ್ಣು ಪಾತ್ರೆಗೆ ನಿಲ್ಲುವ ಶಕ್ತಿ ಕೊಡುತ್ತದೆ, ಕಲ್ಲು 1300 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಎಲ್ಲವನ್ನೂ ಬೆಸೆಯುತ್ತದೆ. 1637ರಲ್ಲಿ ಸಾಂಗ್ ಯಿಂಗ್‌ಷಿಂಗ್ ತನ್ನ ಕಸುಬುಗಳ ಗ್ರಂಥದಲ್ಲಿ ಕೊಟ್ಟ ಲೆಕ್ಕದಂತೆ ಒಂದು ಪಾತ್ರೆ 72 ಕೈ ದಾಟಿ ಸಿದ್ಧವಾಗುತ್ತದೆ. 1712ರಲ್ಲಿ ಅದೇ ಊರಿನಿಂದ ಪತ್ರ ಬರೆದ ಫ್ರೆಂಚ್ ಪಾದ್ರಿ ದಾಂತ್ರಕೊಲ್ ಹೇಳಿದ್ದು 70.

ನೇರ ಗೋಡೆಯ ಡಬ್ಬ ಮಾಡುವುದು ಸುಲಭ ಎಂದು ಕಾಣುತ್ತದೆ. ತಿಗರಿಯ ಮೇಲೆ ಕೂತವರಿಗೇ ಕಷ್ಟ ಗೊತ್ತು. ಅಗಲವಾದ ಚಪ್ಪಟೆ ತಳ ಗೋಡೆಗಿಂತ ನಿಧಾನವಾಗಿ ಒಣಗುತ್ತದೆ, ತಳವನ್ನು ಚೆನ್ನಾಗಿ ಒತ್ತಿ ಬಿಗಿ ಮಾಡದಿದ್ದರೆ ನಟ್ಟನಡುವೆ ಬಳುಕಿದ ಬಿರುಕು ಬೀಳುತ್ತದೆ. ಒಣಗಿ ಸುಡುವ ಹೊತ್ತಿಗೆ ಅಳತೆ ಆರನೇ ಒಂದು ಪಾಲಿನಷ್ಟು ಕುಗ್ಗಿರುತ್ತದೆ. ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿದ್ದರೆ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹದಿನೈದು ಸೆಂಟಿಮೀಟರ್ ಎತ್ತರ, ಹೆಚ್ಚುಕಡಿಮೆ ಅಷ್ಟೇ ಅಗಲದ ಡಬ್ಬ ಕುಂಚಗಳ ತಲೆಭಾರಕ್ಕೆ ಉರುಳಬಾರದು, ಅದಕ್ಕೆ ತಳ ತೂಕವಾಗಿರಬೇಕು. ಕಾಂಗ್‌ಷಿ ಚಕ್ರವರ್ತಿಯ (1662–1722) ಕಾಲದ ಡಬ್ಬಗಳ ತಳದಲ್ಲಿ ಇದಕ್ಕೊಂದು ಜಾಣ ಉತ್ತರ ಕಾಣುತ್ತದೆ: ನಡುವೆ ಗ್ಲೇಜ್ ಇರುವ ಸಣ್ಣ ಗುಳಿ, ಸುತ್ತ ಗ್ಲೇಜ್ ಇಲ್ಲದ ಅಗಲವಾದ ಪಟ್ಟಿ. ನಡುವೆ ತೂತಿರುವ ಪುರಾತನ ಜೇಡ್ ಬಿಲ್ಲೆಯ ಹೋಲಿಕೆಯಿಂದ ಇದಕ್ಕೆ ಹೆಸರು. ಭಾರ ಅಗಲಕ್ಕೆ ಹಂಚಿಹೋಗುತ್ತದೆ, ಗೂಡಿನಲ್ಲಿ ಅಂಟಿಕೊಳ್ಳುವ ಭಯವೂ ಇಲ್ಲ.

ಹೊರಮೈಯ ನೀಲಿ ಚಿತ್ರ ಸುಡದ ಹಸಿ ಪಾತ್ರೆಯ ಮೇಲೆ ಬರೆಯುವಂಥದ್ದು. ಒಣಮಣ್ಣು ಕುಂಚದ ನೀರನ್ನು ತಕ್ಷಣ ಹೀರುತ್ತದೆ. ಕೈ ಒಂದು ಕ್ಷಣ ತಡೆದರೆ ಅಲ್ಲೊಂದು ಕಪ್ಪು ಗಂಟು, ಒರೆಸಲು ಬರುವುದಿಲ್ಲ. ಕೋಬಾಲ್ಟ್ ಆ ಹೊತ್ತಿನಲ್ಲಿ ನೀಲಿಯಾಗಿಯೂ ಕಾಣುವುದಿಲ್ಲ, ಬೂದುಗಪ್ಪು. ಮೇಲೆ ಗ್ಲೇಜ್ ಹಚ್ಚಿ, ಸುಟ್ಟು, ಗೂಡು ತೆರೆದ ಮೇಲೆಯೇ ಯಾವ ಗೆರೆ ಎಷ್ಟು ನೀಲಿ ಎಂದು ತಿಳಿಯುವುದು. ಒಳ್ಳೆಯ ಕಾಂಗ್‌ಷಿ ಡಬ್ಬದಲ್ಲಿ ಹತ್ತಿರದ ಬಂಡೆ ಗಾಢ, ದೂರದ ಬೆಟ್ಟ ಹೊಗೆಯಂತೆ. ಒಂದೇ ಬಣ್ಣದ ನಾಲ್ಕೈದು ನೀರಿಳಿತ. ಡಬ್ಬವನ್ನು ತಿರುಗಿಸುತ್ತ ಹೋದರೆ ಸುರುಳಿಚಿತ್ರ ಬಿಚ್ಚಿದಂತೆ ನದಿ, ದೋಣಿ, ಗುಡಿಸಲು. ಸು ಷಿ ಕವಿ 1082ರಲ್ಲಿ ಕೆಂಪು ಬಂಡೆಯ ಬಳಿ ದೋಣಿಯಲ್ಲಿ ಹೋದ ಪ್ರಸಂಗ ಇಲ್ಲಿ ಬಲು ಜನಪ್ರಿಯ. ಕೆಲವು ಡಬ್ಬಗಳಲ್ಲಿ ಚಿತ್ರವೇ ಇಲ್ಲ: ಪ್ರಾಜ್ಞ ದೊರೆಗೆ ಯೋಗ್ಯ ಮಂತ್ರಿ ದೊರೆಯುವುದನ್ನು ಹೊಗಳುವ ಹಾನ್ ಕಾಲದ ಬರಹವನ್ನು ಸುತ್ತಲೂ ಪುಟ್ಟ ಅಕ್ಷರಗಳಲ್ಲಿ ಬರೆದು, ಕೊನೆಗೆ ಕೆಂಪು ಮೊಹರು. ಮಿಂಗರ ನಂತರ ಬಂದ ಹೊಸ ಮಂಚು ದೊರೆಯ ರಾಜಕೀಯ ಅದರಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಈ ಡಬ್ಬಗಳ ತಳದ ಬರಹವನ್ನು ನಂಬಿ ಕಾಲ ಹೇಳಲು ಹೋಗಬೇಡಿ. 1677ರಲ್ಲಿ ಸ್ಥಳೀಯ ಅಧಿಕಾರಿ ಚಕ್ರವರ್ತಿಯ ಶಕೆಯನ್ನು ಪಿಂಗಾಣಿಯ ಮೇಲೆ ಬರೆಯಬಾರದೆಂದು ಅಪ್ಪಣೆ ಮಾಡಿದ. ಒಡೆದ ಚೂರು ಕಸಕ್ಕೆ ಬಿದ್ದರೆ ದೊರೆಯ ಹೆಸರಿಗೆ ಅವಮಾನವಲ್ಲವೇ. ಕುಂಬಾರರು ಹಳೆಯ ಮಿಂಗ್ ಶಕೆಗಳನ್ನು ಬರೆದರು, ಇಲ್ಲವೇ ಖಾಲಿ ಬಿಟ್ಟರು. ಚೆಂಗ್‌ಹುವಾ ಎಂಬ 15ನೆಯ ಶತಮಾನದ ಮಿಂಗ್ ಶಕೆಯನ್ನು ಬರೆದಿರುವ ಕಾಂಗ್‌ಷಿ ಸಾಮಾನು ಹೇರಳವಾಗಿವೆ, ಅವು ಖೋಟಾ ಅಲ್ಲ.

ಬರೆಯುತ್ತ ನಡುವೆ ಕುಂಚ ಕೆಳಗಿಡಬೇಕಾದರೆ ಬೆಟ್ಟದಾಕಾರದ ಆಸರೆ. ಮೂರು ಅಥವಾ ಐದು ಶಿಖರ, ನಡುನಡುವಿನ ಕಣಿವೆಯಲ್ಲಿ ಒದ್ದೆ ಕುಂಚ ಮಲಗುತ್ತದೆ. ಮಿಂಗ್ ಚಕ್ರವರ್ತಿ ಝೆಂಗ್‌ದೆ (1506–1521) ಕಾಲದ ಕೆಲವು ನೀಲಿ-ಬಿಳಿ ಬೆಟ್ಟಗಳ ಮೇಲೆ ಅರಬಿ ಲಿಪಿಯ ಬರಹವಿದೆ. ಚೀನೀ ಅಕ್ಷರಕ್ಕಾಗಿ ಹುಟ್ಟಿದ ಸಾಮಾನಿನ ಮೇಲೆ ಬೇರೆ ಲಿಪಿಯನ್ನು ಅಲಂಕಾರವಾಗಿ ಬರೆಸಿಕೊಂಡ ಗಿರಾಕಿಗಳು ಆಗ ಇದ್ದರು. ಮಾಡುವಾಗ ಇದರ ಕುತ್ತು ದಪ್ಪದಲ್ಲಿದೆ. ಗಟ್ಟಿ ಮಣ್ಣಿನ ಮುದ್ದೆಯನ್ನೇ ಬೆಟ್ಟ ಮಾಡಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಗೂಡಿನಲ್ಲಿ ಆ ನೀರು ಆವಿಯಾಗಿ ಸಿಡಿಯುತ್ತದೆ. ಆದ್ದರಿಂದ ಒಳಗೆ ಟೊಳ್ಳು, ಕಾಣದ ಕಡೆ ಗಾಳಿಗೊಂದು ತೂತು.

ಮಣಿಕಟ್ಟಿನ ಆಸರೆಗೆ ಕಾರಣ ಲಿಪಿಯ ದಿಕ್ಕು. ಸಾಲು ಮೇಲಿನಿಂದ ಕೆಳಗೆ, ಬಲದಿಂದ ಎಡಕ್ಕೆ. ಬಲಗೈಯಲ್ಲಿ ಬರೆಯುವವರ ತೋಳು ಆಗತಾನೇ ಬರೆದ ಹಸಿ ಸಾಲಿನ ಮೇಲೇ ಬರುತ್ತದೆ, ಜತೆಗೆ ಅಗಲವಾದ ಅಂಗಿತೋಳು. ಸೀಳಿದ ಬಿದಿರಿನಂಥ ಕಮಾನು ಕಾಗದದ ಮೇಲಿಟ್ಟು ಅದರ ಮೇಲೆ ಮಣಿಕಟ್ಟು ಊರಿದರೆ ಮಸಿ ಉಳಿಯುತ್ತದೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು ಆಮೇಲೆ ಕಾಡಿಗೆ ಉಜ್ಜುತ್ತಿದ್ದ ನಮ್ಮ ಲಿಪಿಕಾರರಿಗೆ ಈ ತಾಪತ್ರಯವೇ ಇರಲಿಲ್ಲ: ಬರೆಯುವಾಗ ಮಸಿಯೇ ಇಲ್ಲ, ಇನ್ನು ಹನಿಪಾತ್ರೆ, ತೊಳೆಯುವ ಬಟ್ಟಲು ಎಲ್ಲಿಂದ.

ಬರೆದು ಮುಗಿಯಿತು, ಮೊಹರು ಒತ್ತಬೇಕು. ಇಲ್ಲಿ ನೀರಿನ ಜಾಗಕ್ಕೆ ಎಣ್ಣೆ ಬರುತ್ತದೆ. ಮೊಹರಿನ ಕೆಂಪು ಎಂದರೆ ನುಣ್ಣಗೆ ಅರೆದ ಇಂಗುಲೀಕ, ಹದ ಮಾಡಿದ ಹರಳೆಣ್ಣೆ, ಮತ್ತು ಮಾಚಿಪತ್ರೆಯ ಜಾತಿಯ ಗಿಡದ ಎಲೆಯಿಂದ ತೆಗೆದ ನಾರು, ಮೂರನ್ನೂ ಕಲಸಿದ ಮುದ್ದೆ. ಅದನ್ನಿಡಲು ಪಿಂಗಾಣಿ ಡಬ್ಬಿಗಿಂತ ಒಳ್ಳೆಯದಿಲ್ಲ. ಮರ, ಸುಟ್ಟ ಕೆಂಪುಮಣ್ಣು ಎಣ್ಣೆ ಕುಡಿದು ಮುದ್ದೆಯನ್ನು ಒಣಗಿಸುತ್ತವೆ. ಲೋಹದಲ್ಲಿಟ್ಟರೆ ಬಣ್ಣ ಕಂದುತ್ತದೆ. ಡಬ್ಬಿಯ ಕಷ್ಟವೆಲ್ಲ ಮುಚ್ಚಳದ್ದು. ತಳ ಮತ್ತು ಮುಚ್ಚಳ ಒಂದೇ ಮಣ್ಣಿನಿಂದ, ಒಂದೇ ಹದದಲ್ಲಿ, ಒಟ್ಟಿಗೆ ಕುಗ್ಗಬೇಕು. ಇಲ್ಲದಿದ್ದರೆ ಮುಚ್ಚಳ ಅಲುಗುತ್ತದೆ ಅಥವಾ ಕೂರುವುದೇ ಇಲ್ಲ. ಎರಡೂ ಸೇರುವ ಅಂಚಿನಲ್ಲಿ ಗ್ಲೇಜ್ ಒರೆಸಿರಬೇಕು.

ಇಂಥ ಡಬ್ಬಿಗಳಲ್ಲಿ ಕಿರೀಟವೆಂದರೆ ಕಾಂಗ್‌ಷಿ ಅರಮನೆಯ ಕೆಂಪು ಡಬ್ಬಿ. ಪಶ್ಚಿಮದವರು ಈ ಬಣ್ಣವನ್ನು ಪೀಚ್ ಹಣ್ಣಿಗೆ ಹೋಲಿಸಿದರು. ಚೀನೀ ಹೆಸರು ಜಿಯಾಂಗ್‌ದೋ ಹೊಂಗ್, ಅಂದರೆ ಅಲಸಂದೆ ಕೆಂಪು. ಕೆಂಪು ಅಲಸಂದೆಯ ಕಾಳನ್ನು ನೋಡಿದವರಿಗೆ ಪೀಚ್ ಹಣ್ಣಿಗಿಂತ ಇದೇ ಹತ್ತಿರ ಅನಿಸೀತು: ಕೆಂಪಿನಲ್ಲಿ ತುಸು ಕಂದು, ತುಸು ಬೂದು, ಅಲ್ಲಲ್ಲಿ ಮಚ್ಚೆ. ಬಣ್ಣ ಬರುವುದು ತಾಮ್ರದಿಂದ, ಅದೂ ಶೇಕಡಾ ಒಂದಕ್ಕಿಂತ ಕಡಿಮೆ. ಮೊದಲು ಬಣ್ಣವಿಲ್ಲದ ಗ್ಲೇಜ್, ಅದರ ಮೇಲೆ, ತುದಿಗೆ ತೆಳುಬಟ್ಟೆ ಕಟ್ಟಿದ ಬಿದಿರಕೊಳವೆಯಿಂದ ಊದಿದ ತಾಮ್ರದ ಪದರ, ಮತ್ತೆ ಗ್ಲೇಜ್. ಊದಿದ್ದರಿಂದ ತಾಮ್ರ ಹದವಾಗಿ ಹರಡದೆ ಹನಿಹನಿಯಾಗಿ ಕೂರುತ್ತದೆ, ಮಚ್ಚೆ ಹುಟ್ಟುವುದು ಅಲ್ಲಿಂದ.

ಆಮೇಲಿನದು ಬೆಂಕಿಯ ಕೈಯಲ್ಲಿ. ಗೂಡಿನಲ್ಲಿ ಆಮ್ಲಜನಕ ಕಡಿಮೆಯಾಗಿ ಹೊಗೆ ತುಂಬಿದ್ದರೆ ತಾಮ್ರ ಕೆಂಪಾಗುತ್ತದೆ. ಗಾಳಿ ಹೆಚ್ಚಾದರೆ ಹಸಿರು. ಹೊಗೆ ಅತಿಯಾದರೆ ಕೆಂಪು ಮಂಕಾಗಿ ಪಿತ್ತಜನಕಾಂಗದ ಬಣ್ಣ. ಶಾಖ ಏರಿದಂತೆಲ್ಲ ತಾಮ್ರ ಆವಿಯಾಗಿ ಹಾರಿಹೋಗುವುದರಿಂದ, ಬೆಂಕಿ ಜಾಸ್ತಿಯಾದರೆ ಪಾತ್ರೆ ಬೆಳ್ಳಗೆ ಪೇಲವ. ಅಂಚಿನಲ್ಲಿ ಗ್ಲೇಜ್ ತೆಳ್ಳಗೆ ಸರಿದು ಬಿಳಿ ಗೆರೆ ಕಾಣುವುದೂ ಇದರಿಂದಲೇ. ಒಳ್ಳೆಯ ಪಾತ್ರೆಯಲ್ಲಿ ಕೆಂಪಿನ ನಡುವೆ ಪಾಚಿಯಂಥ ಹಸಿರು ಚುಕ್ಕೆಗಳೇಳುತ್ತವೆ. ಮೇಲ್ಮೈಯಲ್ಲಿ ತಾಮ್ರಕ್ಕೆ ಮತ್ತೆ ಆಮ್ಲಜನಕ ಸಿಕ್ಕ ಜಾಗಗಳವು. ಲೆಕ್ಕಕ್ಕೆ ಅದು ಕೆಟ್ಟ ಬೇಯಿಸುವಿಕೆ. ರಸಿಕರಿಗೆ ಅದೇ ಬೇಕು. ಕಲೆಯೇ ಇಲ್ಲದ ಸಮಕೆಂಪಿನ ಪಾತ್ರೆಗಿಂತ ಪಾಚಿ ಬಿದ್ದದ್ದು ನನಗೂ ಇಷ್ಟ, ಅದರಲ್ಲಿ ಗೂಡಿನ ಒಂದು ನಿಮಿಷ ಕಣ್ಣಿಗೆ ಕಾಣುತ್ತದೆ.

ಈ ಬಣ್ಣದಲ್ಲಿ ಮಾಡಿದ್ದು ಮುಖ್ಯವಾಗಿ ಎಂಟೇ ಆಕಾರ, ಎಲ್ಲವೂ ಮೇಜಿಗೆ: ನಾಲ್ಕು ಸಣ್ಣ ಹೂದಾನಿ, ಉಳಿದ ನಾಲ್ಕು ಬರಹದ ಸಾಮಾನು. ಸುಮಾರು 7 ಸೆಂಟಿಮೀಟರ್ ಅಗಲದ ಮೊಹರಿನ ಡಬ್ಬಿ. ಸೇಬಿನಾಕಾರದ ನೀರಿನ ಕುಡಿಕೆ. ಪುಟ್ಟ ಜಾಗಟೆಯಂತಿರುವ ತೊಳೆಯುವ ಬಟ್ಟಲು. ಇನ್ನೊಂದು ಗುಮ್ಮಟದಂಥ ನೀರಿನ ಕುಡಿಕೆ, ಮೈಮೇಲೆ ಗ್ಲೇಜ್ ಅಡಿಯಲ್ಲಿ ತೆಳುವಾಗಿ ಕೊರೆದ ಮೂರು ಡ್ರ್ಯಾಗನ್ ಚಕ್ರಗಳು. ಕುಡಿತಕ್ಕೆ ಹೆಸರಾದ ಕವಿ ಲಿ ಬಾಯ್‌ನ ಮದ್ಯದ ಪಾತ್ರೆಯೆಂದು ಇದಕ್ಕೊಂದು ಹೆಸರು. ಕೋಳಿ ಮುಚ್ಚುವ ಬಿದಿರಬುಟ್ಟಿ ಎಂದು ಇನ್ನೊಂದು. ಎರಡನೆಯದೇ ಹೆಚ್ಚು ನಿಜ. ಹೂದಾನಿಗಳಲ್ಲಿ ಎಲೆಯಂತೆ ಕೆಳಗೆ ಕಿರಿದಾಗುವ ಒಂದು ಬಗೆ ತಾನಾಗಿ ಸರಿಯಾಗಿ ನಿಲ್ಲುವುದೂ ಇಲ್ಲ, ಮರದ ಪೀಠ ಬೇಕು. 1886ರಲ್ಲಿ ನ್ಯೂಯಾರ್ಕ್‌ನಲ್ಲಿ ಮೇರಿ ಮಾರ್ಗನ್ ಸಂಗ್ರಹ ಹರಾಜಾದಾಗ ಇಂಥದೊಂದು 18,000 ಡಾಲರಿಗೆ ಹೋಗಿ ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಅದು ಈಗ ಬಾಲ್ಟಿಮೋರ್‌ನ ವಾಲ್ಟರ್ಸ್ ಮ್ಯೂಸಿಯಂನಲ್ಲಿದೆ. ಆ ಗುಲ್ಲಿನ ಲಾಭ ಪಡೆದು ಅಮೆರಿಕದ ಗಾಜಿನ ಕಾರ್ಖಾನೆಯೊಂದು ಅದೇ ಆಕಾರ, ಬಣ್ಣದ ಗಾಜಿನ ಹೂದಾನಿಗಳನ್ನು ಮಾರಿತು.

1728ರಲ್ಲಿ ಜಿಂಗ್‌ದೆಝೆನ್‌ಗೆ ಬಂದ ಅರಮನೆಯ ಅಧಿಕಾರಿ ತಾಂಗ್ ಯಿಂಗ್ (1682–1756) ಮೇಲ್ವಿಚಾರಣೆಯಲ್ಲಿ ಪಿಂಗಾಣಿ ವೇಷ ಹಾಕಲು ಕಲಿಯಿತು. ಮರದ ಗೆರೆಗಳಿರುವ ಕುಂಚಡಬ್ಬ, ಕಂಚಿನಂಥ, ಅರಗಿನಂಥ, ಬಿದಿರಿನಂಥ ಸಾಮಾನು. ತಟ್ಟಿ ನೋಡಿದರಷ್ಟೇ ಪಿಂಗಾಣಿ ಎಂದು ಗೊತ್ತಾಗುತ್ತದೆ. ಕೌಶಲಕ್ಕೆ ಬೆರಗಾಗದೆ ಇರಲಾಗದು, ಆದರೂ ಮರದಂತೆ ಕಾಣಲು ಇಷ್ಟು ಪಾಡು ಪಡುವ ಬದಲು ಮರದ ಡಬ್ಬವನ್ನೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ವೆನ್ ಝೆನ್‌ಹೆಂಗ್ ಪರವಾಗಿ ಕೇಳಬೇಕೆನಿಸುತ್ತದೆ.

ಇವತ್ತು ಬಳಸಲು ಕೊಳ್ಳುವವರಿಗೆ ಹಳೆಯದೇ ಬೇಕಿಲ್ಲ, ಜಿಂಗ್‌ದೆಝೆನ್ ಈಗಲೂ ಇವನ್ನೆಲ್ಲ ಮಾಡುತ್ತದೆ. ಹನಿಪಾತ್ರೆಯನ್ನು ಕೊಳ್ಳುವ ಮೊದಲು ನೀರು ತುಂಬಿ ಬೆರಳಿಟ್ಟು ನೋಡಿ. ತೊಳೆಯುವ ಬಟ್ಟಲಿನ ಒಳಮೈ ಬಿರುಕಿಲ್ಲದ ಬಿಳಿಯಾಗಿರಲಿ. ಕುಂಚದ ಡಬ್ಬದಲ್ಲಿ ಒಣಗಿದ ಕುಂಚವನ್ನಷ್ಟೇ ನಿಲ್ಲಿಸಿ. ಒದ್ದೆಯದನ್ನು ಕೂದಲು ಮೇಲಾಗಿ ನಿಲ್ಲಿಸಿದರೆ ನೀರು ಹಿಡಿಕೆಯೊಳಗೆ ಇಳಿದು ಅಂಟು ಬಿಡುತ್ತದೆ. ಮೊಹರಿನ ಡಬ್ಬಿಯಲ್ಲಿ ಇಂಗುಲೀಕ ಭಾರಕ್ಕೆ ತಳ ಸೇರಿ ಎಣ್ಣೆ ಮೇಲೆ ತೇಲುತ್ತದೆ. ತಿಂಗಳಿಗೊಮ್ಮೆಯಾದರೂ ಮೂಳೆಯ ಅಥವಾ ಬಿದಿರಿನ ಕಡ್ಡಿಯಿಂದ, ಒಂದೇ ದಿಕ್ಕಿಗೆ, ಬುಡದಿಂದ ಮೇಲಕ್ಕೆ ತಿರುವಿ ಮತ್ತೆ ಉಂಡೆ ಕಟ್ಟಿಡಬೇಕು. ಇಂಗುಲೀಕ ಪಾದರಸದ ಅದಿರು. ತಿರುವಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ.